ಪ್ರವಾಸ ಪ್ರಶ್ನೋತ್ತರ: ಫೆಸ್‌ನ ಹಳೇ ಪೇಟೆಗೆ ಒಂದು ಬೆಳಿಗ್ಗೆ

ಹೋದ ಸಂಚಿಕೆಯಲ್ಲಿ ಮೊರಾಕೊದ ಫೆಸ್ ಊರಿನ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಡ, ಉಡುಪಿ, ಮಂಗಳೂರು ಕಡೆಯಿಂದ ಪತ್ರಗಳ ಮೇಲೆ ಪತ್ರ. ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಮೇಡಂ, ಮಗಳು ಸ್ಪೇನ್‌ನಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋಗುವಾಗ ನಾನು ಮತ್ತು ಯಜಮಾನರು ಮೊರಾಕೊಗೂ ಹೋಗಿ ಬರುವುದೆಂದು ಮಾಡಿದ್ದೇವೆ. ಫೆಸ್‌ನಲ್ಲಿ ಸಿಗುವುದು ಒಂದು ಬೆಳಿಗ್ಗೆ ಮಾತ್ರ, ಮಧ್ಯಾಹ್ನದ ರೈಲಿಗೆ ಹೊರಡಬೇಕು. ಟೂರಿನವರು ಕೊಟ್ಟ ಪಟ್ಟಿಯಲ್ಲಿ ಹದಿನಾಲ್ಕು ಜಾಗ ಉಂಟು. ಅಷ್ಟೆಲ್ಲ ನೋಡಲಿಕ್ಕೆ ಆಗ್ತದಾ? (ಓದುಗರು, ಕುಂಜಿಬೆಟ್ಟು, ಉಡುಪಿ)

ಉತ್ತರ: ಓಡಿದರೆ ಆಗ್ತದೆ. ಆದರೆ ಊರಿಗೆ ಬಂದ ಮೇಲೆ ಯಾವುದು ಎಲ್ಲಿತ್ತು ಅಂತಲೇ ನೆನಪಿರುವುದಿಲ್ಲ. ಆ ಪಟ್ಟಿಯನ್ನು ಬದಿಗಿಡಿ.

ಫೆಸ್ ಎಲ್ ಬಾಲಿ ಅಂದರೆ ಫೆಸ್‌ನ ಹಳೇ ಪೇಟೆ. 9ನೇ ಶತಮಾನದ ಆರಂಭದಲ್ಲೇ ಅಲ್ಲಿ ರಾಜಧಾನಿ ಇತ್ತು. 1981ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳಗಿನ ಓಣಿಗಳಲ್ಲಿ ಕಾರು ಹೋಗುವುದಿಲ್ಲ. ಕೆಲವು ಎಷ್ಟು ಸಪೂರ ಅಂದರೆ ಎದುರಿನಿಂದ ಯಾರಾದರೂ ಬಂದರೆ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಹಾಗಂತ ಅದನ್ನು ಕಾದಿಟ್ಟ ಹಳೇ ಕಟ್ಟಡಗಳ ಗುಂಪು ಅಂದುಕೊಳ್ಳಬೇಡಿ. ಜನ ಅಲ್ಲೇ ಹುಟ್ಟಿ, ಅಲ್ಲೇ ದುಡಿದು, ಅಲ್ಲೇ ಮಕ್ಕಳ ಮದುವೆ ಮಾಡುವ ಊರು ಅದು. ನನ್ನ ಪ್ರಕಾರ ಫೆಸ್ ನೋಡುವುದು ಅಂದರೆ ಆ ದುಡಿಮೆಯನ್ನು ನೋಡುವುದು. ಕಟ್ಟಡ ಎರಡು ಸಾಕು. ಉಳಿದ ಹೊತ್ತು ಯಾರದ್ದಾದರೂ ಕೈಕೆಲಸದ ಎದುರು ಸುಮ್ನೆ ನಿಲ್ಲಿ.

ಬೆಳಿಗ್ಗೆ ಏಳೂವರೆಗೆಲ್ಲ ಬಾಬ್ ಬು ಜೆಲೂದ್ ಹೆಬ್ಬಾಗಿಲ ಹತ್ತಿರ ಇರಿ. 1913ರಲ್ಲಿ ಕಟ್ಟಿದ ಬಾಗಿಲು, ಪೇಟೆಯ ವಯಸ್ಸಿಗೆ ಹೋಲಿಸಿದರೆ ನಿನ್ನೆ ಮೊನ್ನೆಯದ್ದು. ಹೊರಗಿನ ಹೆಂಚು ನೀಲಿ, ಒಳಗಿನದ್ದು ಹಸಿರು. ಒಳಗೆ ಹೋದ ಕೂಡಲೇ ಎರಡು ಮುಖ್ಯ ಬೀದಿ ಸಿಗುತ್ತವೆ, ತಲಾ ಕಬೀರಾ ಮತ್ತು ತಲಾ ಸ್ಗೀರಾ. ಎರಡೂ ಇಳಿಜಾರು, ಎರಡೂ ಪೇಟೆಯ ನಡುವಿಗೇ ಇಳಿಯುತ್ತವೆ. ನೀವು ಕಬೀರಾ ಹಿಡಿಯಿರಿ. ಇಷ್ಟು ತಿಳಿದಿದ್ದರೆ ದಾರಿ ತಪ್ಪಿದರೂ ಹೆದರಬೇಕಾಗಿಲ್ಲ. ಇಳಿಯುತ್ತಾ ಹೋದರೆ ಪೇಟೆಯ ನಡು, ಹತ್ತುತ್ತಾ ಬಂದರೆ ಹೆಚ್ಚುಕಮ್ಮಿ ಇದೇ ಹೆಬ್ಬಾಗಿಲು. ಮೊಬೈಲಿನ ಮ್ಯಾಪನ್ನು ಪೂರ್ತಿ ನಂಬಬೇಡಿ, ಎತ್ತರದ ಗೋಡೆಗಳ ನಡುವೆ ಅದಕ್ಕೇ ದಿಕ್ಕು ತಪ್ಪುತ್ತದೆ.

ಆ ಹೊತ್ತಿಗೆ ಅಂಗಡಿ ಬಾಗಿಲು ಹೆಚ್ಚಿನವು ಹಾಕಿಯೇ ಇರುತ್ತವೆ. ಅದಕ್ಕೇ ಆಗ ಹೋಗಿ ಅನ್ನುವುದು. ಒಂಬತ್ತು ಹತ್ತರ ಮೇಲೆ ಬೀದಿ ಪ್ರವಾಸಿಗರ ಕೈಗೆ ಹೋಗುತ್ತದೆ, ಅದಕ್ಕೆ ಮೊದಲು ಅದು ಊರವರದ್ದು. ಮನೆಯಲ್ಲಿ ತಟ್ಟಿದ ರೊಟ್ಟಿಯನ್ನು ಹಲಗೆಯ ಮೇಲಿಟ್ಟು, ಬಟ್ಟೆ ಮುಚ್ಚಿ ಹೊತ್ತುಕೊಂಡು ಹೋಗುವವರು ಸಿಕ್ಕಾರು. ಕೇರಿಗೊಂದು ಸೌದೆ ಒಲೆ ಉಂಟು, ಫರ್ರಾನ್ ಅಂತಾರೆ. ನಾಲ್ಕು ಕಾಸು ಕೊಟ್ಟರೆ ಅಲ್ಲಿ ರೊಟ್ಟಿ ಸುಟ್ಟು ಕೊಡುತ್ತಾರೆ. ಕೆಲವು ಒಲೆಗಳು ನೆಲದಿಂದ ಕೆಳಗೆ, ಮೆಟ್ಟಿಲಿಳಿದು ಹೋಗುವ ಕೋಣೆಯಲ್ಲಿರುತ್ತವೆ. ಸುಟ್ಟ ಹಿಟ್ಟಿನ ಪರಿಮಳ ಬಂದರೆ ಬಗ್ಗಿ ನೋಡಿ, ಸಲಾಂ ಹೇಳಿ, ಒಳಗೆ ಕರೆದರೂ ಕರೆದಾರು. ಉದ್ದ ಕೋಲಿನ ಸಲಿಕೆಯಿಂದ ಒಂದೊಂದೇ ರೊಟ್ಟಿ ಒಳಗೆ ತಳ್ಳುವುದು, ಹೊರಗೆ ಎಳೆಯುವುದು. ನೋಡಲಿಕ್ಕೆ ಒಂದೇ ತರಹದ ಅಷ್ಟೂ ರೊಟ್ಟಿಗಳಲ್ಲಿ ಯಾವುದು ಯಾರ ಮನೆಯದ್ದು ಅಂತ ಒಲೆಯವನಿಗೆ ಗೊತ್ತಿರುತ್ತದೆ.

ಇನ್ನು ಹೇಸರಗತ್ತೆಗಳು. ಗ್ಯಾಸ್ ಸಿಲಿಂಡರು, ಸಿಮೆಂಟು, ಹಸಿ ಚರ್ಮ, ಕೋಲಾ ಬಾಟಲಿಯ ಕ್ರೇಟು, ಪೇಟೆಯೊಳಗಿನ ಸಾಮಾನು ಹೆಚ್ಚಾಗಿ ಅವುಗಳ ಬೆನ್ನ ಮೇಲೆ, ಇಲ್ಲವೇ ಕೈಗಾಡಿಯಲ್ಲಿ. ಹಿಂದಿನಿಂದ "ಬಾಲಾಕ್, ಬಾಲಾಕ್" ಅಂತ ಕೇಳಿಸಿದರೆ ಯೋಚಿಸುತ್ತಾ ನಿಲ್ಲಬೇಡಿ ಮಾರಾಯ್ರೇ, ತಕ್ಷಣ ಗೋಡೆಗೆ ಸರಿಯಿರಿ. ಹೇರು ಅಗಲ ಇರುತ್ತದೆ, ಪ್ರಾಣಿಗೆ ಬ್ರೇಕ್ ಇಲ್ಲ.

ಒಂಬತ್ತು ಗಂಟೆಗೆ ತಲಾ ಕಬೀರಾದಲ್ಲೇ ಇರುವ ಬು ಇನಾನಿಯಾ ಮದ್ರಸಾ ನೋಡಿ. 1350ರ ದಶಕದಲ್ಲಿ ಸುಲ್ತಾನ ಅಬು ಇನಾನ್ ಕಟ್ಟಿಸಿದ್ದು. ಇದರ ಒಳಗೆ ಎಲ್ಲ ಧರ್ಮದವರಿಗೂ ಪ್ರವೇಶ ಉಂಟು, ಟಿಕೆಟ್ ತೆಗೆದುಕೊಂಡರಾಯಿತು. ಅಂಗಳದ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಸೊಂಟದೆತ್ತರದವರೆಗೆ ಬಣ್ಣದ ಹೆಂಚಿನ ಚೂರು ಜೋಡಿಸಿದ ಕೆಲಸ, ಅದರ ಮೇಲೆ ಗಾರೆಯ ಕೆತ್ತನೆ, ಅದರ ಮೇಲೆ ದೇವದಾರು ಮರದ ಕೆತ್ತನೆ. ಹೊರಗೆ ಬಂದರೆ ಬೀದಿಯ ಆಚೆ ಬದಿಯ ಗೋಡೆಯಲ್ಲಿ ಸಾಲು ಕಿಟಕಿ, ಅವುಗಳ ಕೆಳಗೆ ಮರದ ಚಾಚುಗಳು ಕಾಣುತ್ತವೆ. ಅದು 1357ರ ನೀರಿನ ಗಡಿಯಾರ. ಆ ಚಾಚುಗಳ ಮೇಲೆ ಹಿತ್ತಾಳೆಯ ಬಟ್ಟಲುಗಳಿದ್ದವು. ಅದು ಹೇಗೆ ನಡೆಯುತ್ತಿತ್ತೆಂದು ಇವತ್ತಿಗೂ ಯಾರಿಗೂ ಪೂರ್ತಿ ಬಿಡಿಸಲಿಕ್ಕೆ ಆಗಿಲ್ಲ.

ಅಲ್ಲಿಂದ ಇಳಿಯುತ್ತಾ ಹೋದರೆ ಅತ್ತಾರೀನ್, ಸಾಂಬಾರ ಪದಾರ್ಥದ ಸಾಲು. ನಿಮಗೆ ಸಮಯ ಇಲ್ಲವಾದ್ದರಿಂದ ಅಲ್ಲಿ ಜಾಸ್ತಿ ನಿಲ್ಲದೆ ಮುಂದೆ ಸೆಫ್ಫಾರೀನ್ ಚೌಕಕ್ಕೆ ಹೋಗಿ. ಬೆಳಿಗ್ಗೆಯ ಅರ್ಧ ಗಂಟೆ ಇಲ್ಲಿಗೇ ಮೀಸಲಿಡಿ. ಚಿಕ್ಕ ಚೌಕ, ನಡುವೆ ಮರ, ಸುತ್ತ ತಾಮ್ರ ಹಿತ್ತಾಳೆ ಕೆಲಸದವರ ಅಂಗಡಿಗಳು. ಚೌಕಕ್ಕೆ ಕಾಲಿಡುವ ಮೊದಲೇ ಸುತ್ತಿಗೆಯ ಸದ್ದು ಕೇಳಿಸುತ್ತದೆ. ಕೆಲಸಗಾರ ನೆಲಕ್ಕೆ ಹತ್ತಿರದ ಸ್ಟೂಲಿನಲ್ಲಿ ಕೂತಿರುತ್ತಾನೆ, ಮುಂದೆ ನೆಟ್ಟ ಕಬ್ಬಿಣದ ಗೂಟ. ಅದರ ತಲೆಯ ಮೇಲೆ ತಾಮ್ರದ ಪಾತ್ರೆ ಕವುಚಿ ಹಾಕಿ ಎಡಗೈಯಿಂದ ಒಂದಿಷ್ಟೇ ತಿರುಗಿಸುತ್ತಾನೆ, ಬಲಗೈಯಿಂದ ಒಂದು ಏಟು. ತಿರುಗಿಸು, ಏಟು. ಪ್ರತಿ ಏಟಿಗೂ ಉಗುರಿನಷ್ಟು ಗುಳಿ, ಒಂದರ ಪಕ್ಕ ಒಂದು, ನಡುವಿನಿಂದ ಅಂಚಿನವರೆಗೆ ಸುತ್ತು ಸುತ್ತಾಗಿ. ಕಣ್ಣು ಪಾತ್ರೆಯ ಮೇಲೇ ಇರಬೇಕೆಂದಿಲ್ಲ, ಪಕ್ಕದವನ ಜೊತೆ ಮಾತಾಡುತ್ತಲೇ ಸಾಲು ಸರಿಯಾಗಿ ಬೀಳುತ್ತದೆ. ಹೊಸ ತಾಮ್ರದ ಒಳಗೆ ತವರದ ಕಲಾಯಿ ಹಾಕುವವರೂ ಇದ್ದಾರೆ. ಹೊರಗೆ ಸಾಲಾಗಿಟ್ಟ ದೊಡ್ಡ ಹಂಡೆಗಳನ್ನು ಮದುವೆಗೆ ಬಾಡಿಗೆಗೂ ಕೊಡುತ್ತಾರೆ. ಚೌಕದ ಮೂಲೆಯಲ್ಲೇ ಚಾ ಅಂಗಡಿ ಉಂಟು. ಪುದೀನ ಚಾ ತರಿಸಿಕೊಂಡು ಕೂತುಬಿಡಿ. ಹದಿನಾಲ್ಕು ಜಾಗ ನೋಡುವುದಕ್ಕಿಂತ ಇದು ಮೇಲು, ನನ್ನ ಮಾತು ನಂಬಿ.

ಅಲ್ಲಿಂದ ಸ್ವಲ್ಪ ಇಳಿದರೆ ಬಣ್ಣ ಹಾಕುವವರ ಓಣಿ, ನೂಲಿನ ಲಡಿಗಳು ನೀರು ಸೋರುತ್ತಾ ನೇತಾಡುತ್ತವೆ. ಹತ್ತಿರದಲ್ಲೇ ರ್‌ಸೀಫ್ ಚೌಕ. ಅಲ್ಲಿಗೆ ವಾಹನ ಬರುತ್ತದೆ, ಕೆಂಪು ಬಣ್ಣದ ಸಣ್ಣ ಟ್ಯಾಕ್ಸಿ ಹಿಡಿದು ಮೀಟರು ಹಾಕಿಸಿ. ಬಂದ ದಾರಿಯಲ್ಲೇ ಏರು ಹತ್ತುವ ಕಷ್ಟ ತಪ್ಪುತ್ತದೆ, ರೈಲೂ ಸಿಗುತ್ತದೆ. ಒಂದು ವಿಷಯ, ನಿಮ್ಮ ಬೆಳಿಗ್ಗೆ ಶುಕ್ರವಾರ ಆಗದ ಹಾಗೆ ನೋಡಿಕೊಳ್ಳಿ. ಆ ದಿನ ಪೇಟೆಯ ಬಹುಪಾಲು ಮುಚ್ಚಿರುತ್ತದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಬೆಳಿಗ್ಗೆ ತಿಂಡಿಗೆ ಎಂತ ಸಿಗ್ತದೆ? ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡೇ ಹೋಗಬೇಕಾ? (ಓದುಗರು, ಮಣಿಪಾಲ)

ಉತ್ತರ: ಬೆಳಿಗ್ಗೆಯ ಮಟ್ಟಿಗೆ ಬೇಡ. ಮೊರಾಕೊದ ಬೆಳಗಿನ ತಿಂಡಿ ಸಸ್ಯಾಹಾರಿಗಳಿಗೆ ಹೇಳಿ ಮಾಡಿಸಿದ್ದು. ಮೊದಲು ಬಿಸ್ಸಾರಾ ಕೇಳಿ. ಒಣಗಿದ ಬಾಕಲಾ ಅವರೆಯನ್ನು ಬೆಳ್ಳುಳ್ಳಿ ಹಾಕಿ ಬೇಯಿಸಿ ಕಡೆದ ಗಟ್ಟಿ ಸಾರು, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ. ಬಿಸಿ ರೊಟ್ಟಿ ಅದ್ದಿಕೊಂಡು ತಿನ್ನುವುದು. ಫೆಸ್‌ನ ಕೂಲಿಯವರು, ಹಮಾಲಿಗಳು ನಿಂತು ತಿಂದು ಹೋಗುವುದು ಇದನ್ನೇ, ಬೆಲೆಯೂ ತುಂಬ ಕಮ್ಮಿ. ಬೆಳ್ಳುಳ್ಳಿ ಆಗದವರಿಗೆ ಬಘ್ರೀರ್ ಉಂಟು. ರವೆಯ ಹಿಟ್ಟು ಹುದುಗಿಸಿ ಒಂದೇ ಬದಿ ಬೇಯಿಸುವುದು, ನಮ್ಮ ಸುರ್ನೊಳಿಯ ಹಾಗೆ ಮೇಲೆಲ್ಲ ತೂತು ತೂತು, ಅದರ ಮೇಲೆ ಸುರಿದ ಜೇನು ಬೆಣ್ಣೆ ತೂತಿನೊಳಗೆ ಇಳಿಯುತ್ತದೆ. ಪದರ ಪದರವಾಗಿ ಮಡಚಿ ಕಾವಲಿ ಮೇಲೆ ಸುಡುವ ಮ್ಸೆಮ್ಮನ್, ರವೆಯ ಹರ್ಷಾ, ಎಣ್ಣೆಯಲ್ಲಿ ಕರಿದ ಸ್ಫೆಂಜ್ ಇವೆಲ್ಲವೂ ಸಿಗುತ್ತವೆ. ಸ್ಫೆಂಜ್ ಜಾಸ್ತಿ ಕೊಂಡರೆ ತಾಳೆ ಗರಿಯ ಸೀಳಿಗೆ ಪೋಣಿಸಿ ಕೊಡುತ್ತಾರೆ.

ಮಧ್ಯಾಹ್ನಕ್ಕೆ ಸ್ವಲ್ಪ ಎಚ್ಚರ ಬೇಕು. ತರಕಾರಿ ತಾಜೀನ್ (ಮಣ್ಣಿನ ಪಾತ್ರೆಯಲ್ಲಿ ನಿಧಾನಕ್ಕೆ ಬೇಯಿಸಿದ ಅಡುಗೆ), ತರಕಾರಿ ಕೂಸ್‌ಕೂಸ್ (ಹಬೆಯಲ್ಲಿ ಬೇಯಿಸಿದ ರವೆಯ ಕಾಳು) ಎಂದು ಹೆಸರಿದ್ದರೂ ಮಾಂಸದ ಸಾರಿನಲ್ಲಿ ಬೇಯಿಸುವುದುಂಟು. ಕೂತ ಕೂಡಲೇ ಕೇಳಿಬಿಡಿ. ಮೊಸರನ್ನ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಅವಲಕ್ಕಿ ತೆಗೆದುಕೊಂಡು ಹೋಗಿ. ಮೊಸರು ಎಲ್ಲ ಕಡೆ ಸಿಗುತ್ತದೆ.

ಪ್ರಶ್ನೆ: ಚರ್ಮ ಹದ ಮಾಡುವ ಜಾಗದ ಫೋಟೋಗಳು ಚೆನ್ನಾಗಿರುತ್ತವೆ. ಆದರೆ ವಾಸನೆ ತಡೆಯಲಿಕ್ಕೆ ಆಗುವುದಿಲ್ಲ ಅಂತಾರೆ. ಹೋಗುವುದಾ ಬೇಡವಾ? (ಓದುಗಿ, ಸುರತ್ಕಲ್)

ಉತ್ತರ: ಹೋಗಿ. ವಾಸನೆ ಇರುವುದು ಹೌದು, ಯಾಕೆ ಅಂತ ಗೊತ್ತಿದ್ದರೆ ಅಷ್ಟು ಕಷ್ಟ ಆಗುವುದಿಲ್ಲ. ಷುವಾರಾ ಅಂತ ಅದರ ಹೆಸರು. ಒಂದು ಬದಿಯಲ್ಲಿ ಬಿಳಿ ನೀರಿನ ತೊಟ್ಟಿಗಳು ಕಾಣುತ್ತವಲ್ಲ, ಅದರಲ್ಲಿ ಸುಣ್ಣ ಮತ್ತು ಪಾರಿವಾಳದ ಹಿಕ್ಕೆ ಇರುತ್ತದೆ. ಸುಣ್ಣಕ್ಕೆ ಕೂದಲು ಸಡಿಲಾಗುತ್ತದೆ, ಹಿಕ್ಕೆಗೆ ಚರ್ಮ ಮೆತ್ತಗಾಗುತ್ತದೆ. ಆಮೇಲೆ ಬಣ್ಣದ ತೊಟ್ಟಿ. ದನ, ಕುರಿ, ಆಡು, ಒಂಟೆ ಎಲ್ಲದರ ಚರ್ಮವೂ ಬರುತ್ತದೆ. ಕೆಲಸಗಾರರು ತೊಡೆಯವರೆಗೆ ತೊಟ್ಟಿಯೊಳಗೆ ಇಳಿದು ಕಾಲಿನಿಂದ ತುಳಿಯುತ್ತಾರೆ, ಗಂಟೆಗಟ್ಟಲೆ. ಒದ್ದೆ ಚರ್ಮದ ಭಾರ, ಮೇಲೆ ಬಿಸಿಲು, ಕೆಳಗೆ ಆ ನೀರು.

ನಾವು ಅದನ್ನು ನೋಡುವುದು ಸುತ್ತಲಿನ ಚರ್ಮದ ಅಂಗಡಿಗಳ ತಾರಸಿಯಿಂದ. ಹತ್ತುವಾಗ ಮೂಗಿಗೆ ಹಿಡಿಯಲು ಪುದೀನ ಕಡ್ಡಿ ಕೊಡುತ್ತಾರೆ. ಇಳಿಯುವಾಗ ಅಂಗಡಿ ತೋರಿಸದೆ ಬಿಡುವುದಿಲ್ಲ. ಏನೂ ಕೊಳ್ಳುವುದಿಲ್ಲವಾದರೆ ಮೊದಲೇ ಹೇಳಿ, ಸ್ವಲ್ಪ ದುಡ್ಡು ಕೊಟ್ಟು ಬನ್ನಿ. ನನ್ನದೊಂದು ಕೋರಿಕೆ. ಮೂಗು ಮುಚ್ಚಿಕೊಂಡು, ಹಿಂದೆ ದುಡಿಯುವವರು ಕಾಣುವ ಹಾಗೆ ಸೆಲ್ಫಿ ತೆಗೆಯಬೇಡಿ. ಅವರಿಗೆ ಅದು ಕಾಣುತ್ತದೆ. ಮಲ್ಪೆ ಬಂದರಿನಲ್ಲಿ ಮೀನು ಬೇರ್ಪಡಿಸುವ ಹೆಂಗಸರ ಎದುರು ಯಾರಾದರೂ ಹಾಗೆ ಮಾಡಿದರೆ ನಮಗೆ ಹೇಗಾಗುತ್ತದೆ?

ಪ್ರಶ್ನೆ: ನಾನು ಒಬ್ಬಳೇ ಹೋಗುವವಳು. ಬೀದಿಯಲ್ಲಿ ಹಿಂದೆ ಬೀಳುವವರು ಜಾಸ್ತಿ ಅಂತ ಕೇಳಿದ್ದೇನೆ. ಹೌದಾ ಅಕ್ಕಾ? (ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಹೌದಮ್ಮಾ, ಇದ್ದಾರೆ. "ಆ ದಾರಿ ಬಂದ್ ಆಗಿದೆ, ಹೀಗೆ ಬನ್ನಿ" ಅನ್ನುವುದು ಅವರ ಮಾಮೂಲಿ ಮಾತು. ದಾರಿ ಬಂದ್ ಆಗಿರುವುದಿಲ್ಲ, ಕೊನೆಗೆ ದುಡ್ಡು ಕೇಳುತ್ತಾರೆ. "ಲಾ, ಶುಕ್ರನ್" (ಬೇಡ, ಥ್ಯಾಂಕ್ಸ್) ಅನ್ನು, ನಿಲ್ಲದೆ ನಡೆ. ದಾರಿ ಕೇಳಬೇಕಾದರೆ ಅಂಗಡಿಯೊಳಗೆ ಕೂತವರನ್ನು ಕೇಳು, ಇಲ್ಲವೇ ಮಕ್ಕಳ ಜೊತೆ ಹೋಗುತ್ತಿರುವ ಹೆಂಗಸರನ್ನು. ಉಳಿದುಕೊಂಡ ಕಡೆಯಿಂದಲೇ ಸರಕಾರಿ ಗುರುತು ಚೀಟಿ ಇರುವ ಗೈಡನ್ನು ಅರ್ಧ ದಿನಕ್ಕೆ ಗೊತ್ತು ಮಾಡಿಕೊಂಡರೆ ಈ ತಾಪತ್ರಯ ಬಹುತೇಕ ಇರುವುದಿಲ್ಲ. ಏನು ತೋರಿಸಬೇಕು, ಯಾವ ಅಂಗಡಿಗೆ ಬರುವುದಿಲ್ಲ ಅಂತ ಮೊದಲೇ ಮಾತಾಡಿಕೋ. ತಲೆಗೆ ವಸ್ತ್ರ ಬೇಕೆಂದಿಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇದ್ದರೆ ಓಡಾಡಲು ಸುಲಭ, ನಮ್ಮ ಸಲ್ವಾರ್ ಕಮೀಜ್ ಸಾಕು. ಕತ್ತಲಾದ ಮೇಲೆ ಒಳ ಓಣಿಗಳಿಗೆ ಒಬ್ಬಳೇ ಹೋಗಬೇಡ.

ಪ್ರಶ್ನೆ: ಇಬ್ನ್ ಬತೂತಾ ಮಂಗಳೂರಿಗೆ ಬಂದಿದ್ದರು ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ಅವರು ಮೊರಾಕೊದವರಲ್ವಾ, ಫೆಸ್‌ಗೂ ಅವರಿಗೂ ಏನಾದರೂ ಸಂಬಂಧ ಉಂಟಾ? ನಾನು ಅಲ್ಲಿಯ ಕರವಿಯ್ಯೀನ್ ಮಸೀದಿಯಲ್ಲಿ ನಮಾಜ್ ಮಾಡಬೇಕೆಂದಿದ್ದೇನೆ. (ಓದುಗರು, ಬಂದರು, ಮಂಗಳೂರು)

ಉತ್ತರ: ಈ ಪತ್ರ ಓದಿ ನನಗೆ ಎಷ್ಟು ಖುಷಿಯಾಯಿತೆಂದು ಹೇಳಲಾರೆ. ನಿಮ್ಮ ಅಜ್ಜ ಹೇಳಿದ್ದು ಸರಿ. ಇಬ್ನ್ ಬತೂತಾ 1304ರಲ್ಲಿ ಮೊರಾಕೊದ ತಾಂಜಿಯರ್‌ನಲ್ಲಿ ಹುಟ್ಟಿದವರು, 1325ರಲ್ಲಿ ಮನೆ ಬಿಟ್ಟು ಹೊರಟವರು. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್ ಬಳಿ ಕಾಜಿಯಾಗಿದ್ದು, ಅವನ ಕಾಣಿಕೆಗಳನ್ನು ಚೀನಾಕ್ಕೆ ಮುಟ್ಟಿಸಲೆಂದು ಹೊರಟಾಗ, 1342ರ ಸುಮಾರಿಗೆ, ನಮ್ಮ ಕರಾವಳಿಗುಂಟ ಹಡಗಿನಲ್ಲಿ ಇಳಿದು ಬಂದರು. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆ ಕಂಡೆ ಅನ್ನುತ್ತಾರೆ. ಬಾರ್ಕೂರನ್ನು ಫಾಕನೂರ್ ಅಂತ ಕರೆದು, ಅಲ್ಲಿಯ ಕಬ್ಬನ್ನು ಹೊಗಳುತ್ತಾರೆ. ಆಮೇಲೆ ಮಂಜರೂರ್, ಅಂದರೆ ನಮ್ಮ ಮಂಗಳೂರು. ಫಾರ್ಸ್ (ಇರಾನಿನ ಒಂದು ಸೀಮೆ) ಮತ್ತು ಯಮನ್‌ನ ವ್ಯಾಪಾರಿಗಳು ಹೆಚ್ಚಾಗಿ ಇಳಿಯುವುದು ಇಲ್ಲಿ, ಕರಿಮೆಣಸು ಶುಂಠಿ ಇಲ್ಲಿ ಹೇರಳ, ಊರಿಗೆ ತಾಗಿದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರಿದ್ದಾರೆ ಎಂಬುದು ಅವರ ಮಾತು. ಇಲ್ಲಿಯ ಕಾಜಿ ಹಡಗಿಗೇ ಬಂದು ದಡಕ್ಕೆ ಕರೆದಾಗ, ಅರಸ ತನ್ನ ಮಗನನ್ನು ಹಡಗಿಗೆ ಕಳಿಸಲಿ, ಆಮೇಲೆ ಇಳಿಯುತ್ತೇವೆ ಅಂದರಂತೆ. ಮಗ ಬಂದ, ಇವರು ಇಳಿದರು, ಮೂರು ದಿನ ಇದ್ದರು, ಉಪಚಾರ ಭರ್ಜರಿಯಾಗಿತ್ತು.

ಈಗ ಫೆಸ್‌ಗೆ ಬನ್ನಿ. ಇಷ್ಟೆಲ್ಲ ತಿರುಗಿ ಊರಿಗೆ ಮರಳಿದ ಮೇಲೆ ಅವರು ಈ ಕಥೆಗಳನ್ನು ಹೇಳಿ ಬರೆಸಿದ್ದು ಫೆಸ್‌ನಲ್ಲೇ. ಬರೆಸಲು ಆಜ್ಞೆ ಮಾಡಿದವನು ಸುಲ್ತಾನ ಅಬು ಇನಾನ್, ಮೊದಲಿನ ಉತ್ತರದಲ್ಲಿ ಹೇಳಿದ ಮದ್ರಸಾ ಕಟ್ಟಿಸಿದವನೇ. ಬರೆದುಕೊಂಡವರು ಇಬ್ನ್ ಜುಝಯ್ಯ್ ಎಂಬ ವಿದ್ವಾಂಸರು, 1355ರಲ್ಲಿ ಬರವಣಿಗೆ ಮುಗಿಯಿತು. ಅಂದರೆ ಬು ಇನಾನಿಯಾದ ಗೋಡೆಗಳು ಏಳುತ್ತಿದ್ದ ಆ ವರ್ಷಗಳಲ್ಲೇ, ಅದೇ ಊರಿನಲ್ಲಿ ಕೂತು ಒಬ್ಬರು ಮಂಗಳೂರಿನ ಮೆಣಸಿನ ಬಗ್ಗೆ ಹೇಳುತ್ತಿದ್ದರು, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ನೋಡಿ ಬೆಳೆದ ನೀವು ಬು ಇನಾನಿಯಾದ ಮರದ ಕೆತ್ತನೆಯ ಕೆಳಗೆ ನಿಲ್ಲುವಾಗ ಇದು ನೆನಪಿರಲಿ ಅಂತ ಇಷ್ಟುದ್ದ ಬರೆದೆ. ನಮ್ಮ ಕಡೆಯ ಶಾಲೆ ಮಕ್ಕಳಿಗೆ ಇದನ್ನು ಯಾರಾದರೂ ಹೇಳಿಕೊಡಬೇಕು.

ಕರವಿಯ್ಯೀನ್ 859ರದ್ದು. ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆ ಕಟ್ಟಿಸಿದರು ಎಂಬುದು ಅಲ್ಲಿಯ ನಂಬಿಕೆ. ಮೊರಾಕೊದ ಹೆಚ್ಚಿನ ಮಸೀದಿಗಳಲ್ಲಿ ಬೇರೆ ಧರ್ಮದವರಿಗೆ ಪ್ರವೇಶ ಇಲ್ಲ, ನಾನೂ ಬಾಗಿಲಿನಿಂದಲೇ ಅಂಗಳ ನೋಡಿದ್ದು. ನಿಮಗೆ ಆ ತೊಂದರೆ ಇಲ್ಲ. ನಮಾಜಿನ ಹೊತ್ತಿಗೆ ಹೋಗಿ. ಮನೆಯವರು ಜೊತೆಗಿದ್ದರೆ ಹೆಂಗಸರಿಗೆ ಬೇರೆ ಜಾಗ ಉಂಟು.

ಪ್ರಶ್ನೆ: ಕೇಸರಿ ಅಲ್ಲಿ ಅಗ್ಗವಂತೆ, ನಿಜವಾ? ಮತ್ತೆ ಕಾರ್ಪೆಟ್ ಕೊಳ್ಳಬಹುದಾ? (ಓದುಗರು, ಕಾರ್ಕಳ)

ಉತ್ತರ: ಒಳ್ಳೇ ಕೇಸರಿ ಎಲ್ಲಿಯೂ ಅಗ್ಗ ಅಲ್ಲ. ತೀರಾ ಕಮ್ಮಿ ಬೆಲೆ ಹೇಳಿದರೆ ಅನುಮಾನ ಪಡಿ. ಮೊರಾಕೊದ ಕೇಸರಿ ಬೆಳೆಯುವುದು ದಕ್ಷಿಣದ ತಾಲಿಯುಈನ್ ಕಡೆ. ಪುಡಿ ಕೊಳ್ಳಲೇಬೇಡಿ, ಎಸಳು ನೋಡಿ. ಎರಡು ಎಸಳು ನೀರಿಗೆ ಹಾಕಿ ಅಂತ ಅಂಗಡಿಯವರಿಗೇ ಹೇಳಿ. ಅಸಲಿಯಾದರೆ ಹಳದಿ ನಿಧಾನಕ್ಕೆ ಬಿಡುತ್ತದೆ, ಎಸಳು ಕೆಂಪಾಗಿಯೇ ಉಳಿಯುತ್ತದೆ. ಹಾಕಿದ ಕೂಡಲೇ ನೀರು ಕೆಂಪಾದರೆ ಬಿಟ್ಟು ಬನ್ನಿ. ಅತ್ತಾರೀನ್‌ನಲ್ಲಿ ರಾಸ್ ಎಲ್ ಹಾನೂತ್ ಅಂತ ಮಿಶ್ರ ಮಸಾಲೆ ಸಿಗುತ್ತದೆ, ಅಂಗಡಿಗೊಂದು ಪಾಕ. ನೂರು ಗ್ರಾಂ ತಂದು ಪಲಾವಿಗೆ ಹಾಕಿ, ಚೆನ್ನಾಗಿರುತ್ತದೆ.

ಕಾರ್ಪೆಟ್ ಅಂಗಡಿಯಲ್ಲಿ ಚಾ ಕೊಡುತ್ತಾರೆ, ಚಾ ಕುಡಿದದ್ದಕ್ಕೆ ಕೊಳ್ಳಬೇಕೆಂದಿಲ್ಲ. ಆದರೆ ನೀವಾಗಿ ಒಂದು ಬೆಲೆ ಹೇಳಿ, ಅವರು ಒಪ್ಪಿದ ಮೇಲೆ ಹಿಂದೆ ಸರಿಯುವುದು ಮರ್ಯಾದೆ ಅಲ್ಲ. ಕೊಳ್ಳುವ ಮನಸ್ಸಿಲ್ಲದಿದ್ದರೆ ಚೌಕಾಶಿಗೆ ಇಳಿಯಲೇಬೇಡಿ. ಅಲ್ಲಿಯ ದುಡ್ಡು ದಿರ್ಹಮ್, ಇಲ್ಲಿಂದ ಕೊಂಡು ಹೋಗಲು ಆಗುವುದಿಲ್ಲ, ಅಲ್ಲಿ ಇಳಿದ ಮೇಲೆ ಬದಲಾಯಿಸಿ. ಹಳೇ ಪೇಟೆಯಲ್ಲಿ ಕಾರ್ಡ್ ನಡೆಯುವುದು ಕಮ್ಮಿ, ಚಿಲ್ಲರೆ ಇಟ್ಟುಕೊಳ್ಳಿ.

ಪ್ರಶ್ನೆ: ಅಮ್ಮನಿಗೆ ಎಪ್ಪತ್ತರ ಮೇಲೆ, ಮೊಣಕಾಲು ನೋವು. ಅವರಿಗೂ ನೋಡಬೇಕೆಂದು ಆಸೆ. ಕರೆದುಕೊಂಡು ಹೋಗಬಹುದಾ? (ಓದುಗರು, ಕುಂದಾಪುರ)

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಮೇಲಿನ ಹೆಬ್ಬಾಗಿಲಿನಿಂದ ಇಳಿಸಬೇಡಿ. ಟ್ಯಾಕ್ಸಿಯಲ್ಲಿ ನೇರ ರ್‌ಸೀಫ್ ಚೌಕಕ್ಕೆ ಹೋಗಿ. ಅಲ್ಲಿಯ ತರಕಾರಿ ಸಂತೆಯನ್ನು ಅಮ್ಮ ಬಿಟ್ಟು ಬರಲಿಕ್ಕಿಲ್ಲ. ಆಲಿವ್, ಉಪ್ಪಿಗೆ ಹಾಕಿದ ಲಿಂಬೆ, ಕಟ್ಟು ಕಟ್ಟು ಪುದೀನ ಎಲ್ಲ ಅಲ್ಲೇ. ಸೆಫ್ಫಾರೀನ್ ಅಲ್ಲಿಂದ ಹತ್ತಿರ, ನಿಧಾನಕ್ಕೆ ನಡೆದು ಹೋಗಿ ಚಾ ಅಂಗಡಿಯಲ್ಲಿ ಕೂರಿಸಿ. ಕಲ್ಲು ಹಾಸು ಒದ್ದೆಯಿದ್ದರೆ ಜಾರುತ್ತದೆ, ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಸಿ. ಚರ್ಮದ ಅಂಗಡಿಯ ತಾರಸಿಗೆ ಮೆಟ್ಟಿಲು ಕಡಿದು, ಅದೊಂದನ್ನು ಬಿಡಿ.